ಅನುಮತಿ ಕೋರಿ

ಮೊನ್ನೆ ಪುತ್ತೂರಿನ ಒಂದು ಮದುವೆ ಊಟದಲ್ಲಿ ನನ್ನ ಮಾನ ಹೋಯಿತು. ಹೋಳಿಗೆ ಬಡಿಸುತ್ತಾ ಬರುವ ಹೊತ್ತಿಗೇ ಫೋನು ಹೊಡೆದುಕೊಳ್ಳಬೇಕೇ, ನಾನು ಎಡಗೈಯಲ್ಲಿ ವ್ಯಾನಿಟಿ ಬ್ಯಾಗು ತಡಕಾಡಬೇಕೇ, ಫೋನಿಗಿಂತ ಮೊದಲು ಒಂದು ಕಟ್ಟು ತೊಟ್ಟೆ ಹೊರಗೆ ಜಾರಿ ಬಾಳೆಲೆಯ ಬದಿಯಲ್ಲಿ ಹರಡಿಕೊಳ್ಳಬೇಕೇ! ತೊಟ್ಟೆ ಅಂದರೆ ನಮ್ಮ ಕಡೆ ಪ್ಲಾಸ್ಟಿಕ್ ಚೀಲ. ಬಡಿಸುವ ಹುಡುಗ ಹೋಳಿಗೆ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ, ಬಹಳ ಮರ್ಯಾದೆಯಿಂದ, "ಅಕ್ಕ, ಕೊನೆಗೆ ಉಳಿದ್ರೆ ಕಟ್ಟಿ ಕೊಡುವ. ಈಗ ಊಟ ಮಾಡಿ" ಎಂದ. ಪಕ್ಕದಲ್ಲಿ ಕೂತಿದ್ದ ನನ್ನ ನಾದಿನಿ ಆ ಕ್ಷಣದಿಂದ ನನ್ನ ಸಂಬಂಧ ಕಡಿದುಕೊಂಡು ಆಚೆ ಬದಿಯ ಅಪರಿಚಿತರ ಜೊತೆ ಅಡಿಕೆ ರೇಟಿನ ಬಗ್ಗೆ ಮಾತಾಡತೊಡಗಿದಳು.

ನಾನು ಹೋಳಿಗೆ ಕಟ್ಟಿಕೊಂಡು ಹೋಗಲು ಬಂದವಳಲ್ಲ ಎಂದು ಹೇಗೆ ಹೇಳಲಿ? ಅವು ವಾಂತಿಯ ತೊಟ್ಟೆಗಳು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿರುವವರ ನಡುವೆ ಈ ಸತ್ಯವನ್ನು ಹೇಳಿದ್ದರೆ ಉಳಿದ ಮಾನವೂ ಹೋಗುತ್ತಿತ್ತು. ಅದಕ್ಕಿಂತ ಹೋಳಿಗೆ ಕಳ್ಳಿ ಎನಿಸಿಕೊಳ್ಳುವುದೇ ವಾಸಿ ಎಂದು ತಲೆತಗ್ಗಿಸಿ ಉಂಡೆ.

ಪಂಜಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಒಂದು ಸಣ್ಣ ಶಾಲೆಯಲ್ಲಿ ನಾನು ಒಂದನೆಯ, ಎರಡನೆಯ ತರಗತಿಯ ಟೀಚರು. ದೊಡ್ಡ ತರಗತಿಯ ಮೇಷ್ಟ್ರುಗಳು ಶೈಕ್ಷಣಿಕ ಪ್ರವಾಸ ಎಂದಾಕ್ಷಣ ಮೈಸೂರು, ಬೇಲೂರು, ಅರಮನೆ, ಶಿಲ್ಪ ಎಂದೆಲ್ಲ ಯೋಚಿಸುತ್ತಾರೆ. ಅವರಿಗೆ ಯೋಚಿಸಲಿಕ್ಕೆ ಏನು ಖರ್ಚು? ಆರು ವರ್ಷದ ಮಕ್ಕಳನ್ನು ಹೊರಡಿಸುವವಳಿಗೆ ಎಲ್ಲಿಗೆ ಎನ್ನುವುದು ಕೊನೆಯ ಪ್ರಶ್ನೆ. ಮೊದಲ ಪ್ರಶ್ನೆ ಅಲ್ಲಿ ಕಕ್ಕಸು ಉಂಟೋ ಎನ್ನುವುದು. ಎರಡನೆಯದು ದಾರಿಯಲ್ಲಿ ತಿರುವು ಎಷ್ಟು ಎನ್ನುವುದು. ನಮ್ಮಲ್ಲಿ ಒಬ್ಬನಿದ್ದಾನೆ, ಅವನಿಗೆ ತಿರುವೂ ಬೇಡ. ಬಸ್ಸಿನ ಮೆಟ್ಟಿಲಲ್ಲಿ ಕಾಲಿಟ್ಟು, ಸೀಟಿನ ರೆಕ್ಸಿನ್ ವಾಸನೆ ಮೂಗಿಗೆ ಬಡಿದರೆ ಸಾಕು, "ಟೀಚರ್, ತೊಟ್ಟೆ" ಎನ್ನುತ್ತಾನೆ. ಹಾಗಾಗಿ ನನ್ನ ಬ್ಯಾಗಿನಲ್ಲಿ ತೊಟ್ಟೆ, ನಿಂಬೆಹುಳಿ, ಒಂದೆರಡು ಚಡ್ಡಿ ಸದಾ ಇರುತ್ತವೆ. ಅಂದು ಚಡ್ಡಿ ಹೊರಗೆ ಬೀಳಲಿಲ್ಲವಲ್ಲ ಎಂದು ಈಗಲೂ ದೇವರಿಗೆ ಕೈ ಮುಗಿಯುತ್ತೇನೆ.

ನಾನು ಸಣ್ಣವಳಿದ್ದಾಗ ಅಜ್ಜಾವರದಲ್ಲಿ ಇಂಥ ಗೌಜಿ ಇರಲಿಲ್ಲ. ನಮಗೆ ಹೊರಸಂಚಾರ ಎಂದರೆ ಮಾಸ್ಟ್ರ ತೋಟ. "ಮಕ್ಕಳೇ, ಇವತ್ತು ಕೃಷಿಯ ಪರಿಚಯ" ಎಂದು ಸಾಲಾಗಿ ಕರೆದುಕೊಂಡು ಹೋಗುತ್ತಿದ್ದರು. ಸಂಜೆಯ ತನಕ ನಾವು ಬಿದ್ದ ಅಡಿಕೆ ಹೆಕ್ಕುತ್ತಾ ಕೃಷಿಯ ಪರಿಚಯ ಮಾಡಿಕೊಳ್ಳುತ್ತಿದ್ದೆವು. ಮಾಸ್ಟ್ರ ಹೆಂಡತಿ ಬೆಲ್ಲ, ನೀರು, ಒಂದೊಂದು ಬಾಳೆಹಣ್ಣು ಕೊಡುತ್ತಿದ್ದರು. ಆ ಕಾಲಕ್ಕೆ ನಮಗೆ ಅದು ಪರದೇಶ ಪ್ರಯಾಣ. ಇಡೀ ಶಾಲೆಯ ಮಕ್ಕಳಿಂದ ಪುಕ್ಕಟೆ ಕೂಲಿ ಮಾಡಿಸಿಕೊಂಡರಲ್ಲ ಎಂದು ನನಗೆ ಹೊಳೆದದ್ದು ನಾನೇ ಟೀಚರಾದ ಮೇಲೆ. ಆಗ ನನಗೆ ಬಂದ ಮೊದಲ ಯೋಚನೆ, ಛೆ, ನನಗೊಂದು ತೋಟ ಇಲ್ಲವಲ್ಲ ಎಂದು.

ಈಗಿನ ಪಾಠದಲ್ಲಿ 'ನಮ್ಮ ಸಹಾಯಕರು' ಎಂದು ಉಂಟು. ಪೋಸ್ಟಿನವರು, ಬ್ಯಾಂಕಿನವರು, ಪೊಲೀಸರು. ಹಿಂದಿನ ವರ್ಷ ಬ್ಯಾಂಕಿಗೆ ಹೋಗಿದ್ದೆವು. ಮ್ಯಾನೇಜರು ಪಾಪ, ಎಲ್ಲರಿಗೂ ಚಾಕಲೇಟು ಕೊಟ್ಟು, "ಏನಾದರೂ ಪ್ರಶ್ನೆ ಕೇಳಿ ಮಕ್ಕಳೇ" ಎಂದರು. ಹೀಗೆ ಮಕ್ಕಳಿಗೆ ಸದರ ಕೊಡಬಾರದು ಎಂದು ಅವರಿಗೆ ಗೊತ್ತಿರಲಿಲ್ಲ. ಒಬ್ಬ ಎದ್ದು ನಿಂತು, "ನಮ್ಮ ಅಪ್ಪ ಬಂದಾಗ ನೀವು ಊಟಕ್ಕೆ ಹೋಗಿದ್ರಂತೆ. ಇನ್ನೊಂದು ದಿನ ಬಂದಾಗಲೂ ಊಟಕ್ಕೆ ಹೋಗಿದ್ರಂತೆ. ಈಗ ಊಟ ಮುಗೀತಾ?" ಎಂದು ಕೇಳಿದ. ಈ ಸಲ ಎಲ್ಲಿಗೆ ಎಂದು ನಾನು ಕೇಳಿದಾಗ ಮಕ್ಕಳು ಒಕ್ಕೊರಲಿನಿಂದ ಪೊಲೀಸ್ ಸ್ಟೇಷನ್ ಎಂದರು. ಬ್ಯಾಂಕಿನ ಮುಂದಿನ ಬಸ್ ಸ್ಟಾಪಿನಲ್ಲೂ ನಿಲ್ಲಲು ನನಗೆ ಮುಖ ಇರಲಿಲ್ಲವಾದ್ದರಿಂದ ನಾನೂ ಒಪ್ಪಿದೆ.

ಹೆಡ್ ಮಾಸ್ಟ್ರು ಸ್ಟೇಷನಿಗೆ ಫೋನು ಮಾಡಿದರು. ಬುಧವಾರ ಬೆಳಿಗ್ಗೆ ಬನ್ನಿ, ಆಮೇಲೆ ಬಂದೋಬಸ್ತಿನ ಡ್ಯೂಟಿ ಉಂಟು, ಬಿಡುವಿಲ್ಲ ಎಂದು ಎಸ್ಸೈ ಹೇಳಿದರು. ಜೀಪು ಗೊತ್ತುಮಾಡಿದೆವು. ಮನೆಯವರ ಒಪ್ಪಿಗೆ ಒಂದು ಬಾಕಿ. ಅಲ್ಲಿ ನನ್ನ ತಲೆಯೊಳಗಿನ ಹುಳ ಎದ್ದಿತು ನೋಡಿ.

ಆ ಹುಳದ ಹೆಸರು ಎಂ.ಎ. ಕನ್ನಡ. ಮನೆಯಲ್ಲಿ ಅರೆಭಾಷೆ ಮಾತಾಡುತ್ತಾ ಬೆಳೆದವಳು ನಾನು. ಕೆಲಸಕ್ಕೆ ಸೇರಿದ ಮೇಲೆ ಅಂಚೆಯ ಮೂಲಕ ಕಲಿತು ಎಂ.ಎ. ಮುಗಿಸಿದೆ. ಅಂದಿನಿಂದ ಒಳ್ಳೆಯ ಕನ್ನಡ ಕಂಡರೆ ನನಗೆ ಬಾಯಲ್ಲಿ ನೀರೂರುತ್ತದೆ. ನಮ್ಮ ಮಕ್ಕಳದ್ದು ಮನೆಯಲ್ಲಿ ತುಳು, ಅಂಗಡಿಯಲ್ಲಿ ಬ್ಯಾರಿ, ಶಾಲೆಯ ಗೇಟು ದಾಟಿದರೆ ಕನ್ನಡ. ಅವರ ಬಾಯಲ್ಲೊಂದು ಗ್ರಾಂಥಿಕ ವಾಕ್ಯ ಕೂರಿಸಿಬಿಡೋಣ ಎಂದು ನನಗೆ ಆಸೆಯಾಯಿತು. ಚೀಟಿ ಕಳಿಸುವ ಬದಲು ಮಕ್ಕಳೇ ಹಿರಿಯರ ಮುಂದೆ ನಿಂತು, ಕೈ ಮುಗಿದು, ಬಾಯಿಯಲ್ಲೇ ಒಪ್ಪಿಗೆ ಕೇಳಿದರೆ ಎಷ್ಟು ಚಂದ! ಸೋಮವಾರ ಇಡೀ ದಿನ ಉರು ಹೊಡೆಸಿದೆ. "ಪೊಲೀಸ್ ಠಾಣೆಗೆ ಹೋಗಲು ತಮ್ಮ ಅನುಮತಿ ಕೋರಿ ಬಂದಿದ್ದೇನೆ." ಮಕ್ಕಳು ಯಕ್ಷಗಾನದ ವೇಷದವರ ಹಾಗೆ ಎದೆ ಸೆಟೆಸಿ ಹೇಳಿದರು. ನನಗೆ ಕಣ್ಣು ತುಂಬಿ ಬಂತು.

ಅಂದು ಸರಿಯಾಗಿ ಹೇಳದವಳು ಅನ್ವಿ ಒಬ್ಬಳೇ. ಎರಡನೆಯ ತರಗತಿ. ಎರಡು ಜುಟ್ಟು, ಯಾವಾಗಲೂ ಏನಾದರೊಂದು ಪ್ರಶ್ನೆ. ಅಂದು ಮಾತ್ರ ಮೂಲೆಯಲ್ಲಿ ಮುಖ ಊದಿಸಿ ಕೂತಿದ್ದಳು. "ಎಂತ ಆಯ್ತು ಅನ್ವಿ?" ಎಂದರೆ ಅಳು ಒತ್ತರಿಸಿ ಬಂತು.

"ನಮ್ಮ ಬೊಳ್ಳೆಯನ್ನು ನರಿ ಕೊಂಡೋಯ್ತು ಟೀಚರ್. ಅಜ್ಜ ಹೇಳಿದ್ದು. ಅಜ್ಜ ಕಣ್ಣಾರೆ ನೋಡಿದ್ದಾರಂತೆ."

ಬೊಳ್ಳೆ ಎಂದರೆ ಅವಳು ಸಾಕಿದ ಬಿಳಿ ಹುಂಜ. ಶಾಲೆಯಿಂದ ಹೋದಕೂಡಲೇ ಗೇಟಿನ ಹತ್ತಿರ ಬಂದು ಕಾಯುತ್ತಿತ್ತಂತೆ, ಬಿಸಿಯೂಟದಲ್ಲಿ ಅವಳು ಕಿಸೆಯಲ್ಲಿ ಹಾಕಿಕೊಂಡು ಹೋದ ಅನ್ನ ತಿನ್ನುತ್ತಿತ್ತಂತೆ. ನಾನು ಅವಳನ್ನು ಮಡಿಲಿಗೆ ಎಳೆದುಕೊಂಡು ಕಣ್ಣೊರೆಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಮುಖ ಎತ್ತಿ, "ಟೀಚರ್, ಪೊಲೀಸರು ಕಳ್ಳರನ್ನು ಹಿಡಿದು ಒಳಗೆ ಹಾಕುದು ಅಲ್ವಾ? ನರಿಯನ್ನೂ ಹಿಡೀತಾರಾ?" ಎಂದು ಕೇಳಿದಳು. ಅಳು ನಿಲ್ಲಲಿ ಎಂದು ನಾನು, "ತಪ್ಪು ಮಾಡಿದವರು ಯಾರೇ ಆದರೂ ಹಿಡೀತಾರೆ" ಎಂದೆ. ಟೀಚರುಗಳ ಬಾಯಿಯಿಂದ ಇಂಥ ದೊಡ್ಡ ದೊಡ್ಡ ಮಾತು ಎಷ್ಟು ಸಸಾರವಾಗಿ ಬಂದುಬಿಡುತ್ತದೆ!

ಮಂಗಳವಾರ ಶಾಲೆಗೆ ಹೋಗಿ ನೋಡಿದರೆ ಅರ್ಧ ಕ್ಲಾಸು ಖಾಲಿ. ಎಲ್ಲರಿಗೂ ಜ್ವರವಂತೆ. "ಅಣ್ಣನಿಗೂ ಜ್ವರವಾ?" ಎಂದು ಒಬ್ಬನನ್ನು ಕೇಳಿದೆ. "ಹೌದು ಟೀಚರ್, ಜೋರು ಜ್ವರ. ಗುಡ್ಡೆಯಲ್ಲಿ ಗೇರುಬೀಜ ಹೆಕ್ತಾ ಇದ್ದಾನೆ" ಎಂದ. ಇನ್ನೊಂದು ಮಗು ಎದ್ದು ನಿಂತು, "ನಾಳೆ ನಂಗೂ ಜ್ವರ ಬರ್ಲಿಕ್ಕುಂಟು" ಎಂದು ಮುಂಗಡವಾಗಿ ತಿಳಿಸಿತು. ಅಷ್ಟರಲ್ಲಿ ಫೋನು. ನಮ್ಮಲ್ಲಿ ಹವ್ಯಕರ ಮನೆಯ ಒಂದು ಮಗು ಉಂಟು, ಅದರ ಅಮ್ಮ. "ಟೀಚರೇ, ತಪ್ಪು ತಿಳ್ಕೊಳ್ಬೇಡಿ. ನಾಳೆ ಸ್ಟೇಷನ್ನಲ್ಲಿ ಕೋಳಿ ಊಟ ಅಂತೆ ಅಲ್ವಾ? ನಮ್ಮವನಿಗೆ ಬೇರೆ ಮೊಸರನ್ನ ಕಟ್ಟಿ ಕೊಡ್ತೇನೆ, ಸ್ವಲ್ಪ ದೂರ ಕೂರಿಸಿದ್ರೆ ಸಾಕು." ಯಾವ ಕೋಳಿ, ಎಂಥ ಊಟ? ನನಗೆ ತಲೆಬುಡ ಅರ್ಥವಾಗಲಿಲ್ಲ.

ಅರ್ಥ ಮಾಡಿಸಿದವರು ಅನ್ವಿಯ ಅಜ್ಜ ಸಂಜೀವಣ್ಣ. ಮಧ್ಯಾಹ್ನ ಜಗಲಿಗೆ ಬಂದು ನಿಂತರು. ಊರಿನಲ್ಲಿ ಮರ್ಯಾದಸ್ಥರು, ಒಳ್ಳೆಯ ಎತ್ತರದ ಆಳು, ಶಾಲೆಯ ಯಾವ ಕಾರ್ಯಕ್ರಮಕ್ಕೂ ಮುಂದಿನ ಸಾಲಿನ ಕುರ್ಚಿ ಅವರದ್ದು. ಅಂದು ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಟೀಚರ್, ನಿಮ್ಮಿಂದ ಇದನ್ನು ನಾವು ಎಣಿಸಿರ್ಲಿಲ್ಲ. ದೊಡ್ಡವರ ಮೇಲೆ ಸಣ್ಣ ಮಕ್ಕಳಿಂದ ಸಾಕ್ಷಿ ಹೇಳಿಸುದಾ?"

"ಎಂತ ಸಾಕ್ಷಿ ಸಂಜೀವಣ್ಣ?"

"ಗೊತ್ತಿಲ್ಲದವರ ಹಾಗೆ ಮಾಡ್ಬೇಡಿ ಮಾರಾಯ್ರೆ. ಆದಿತ್ಯವಾರ ರಬ್ಬರ್ ತೋಟದಲ್ಲಿ ಕೋಳಿ ಅಂಕಕ್ಕೆ ಪೊಲೀಸರು ಬಂದು ಬಿದ್ದದ್ದು ಇಡೀ ಊರಿಗೆ ಗೊತ್ತುಂಟು. ಜನ ಓಡಿದ್ರು, ಕೋಳಿಗಳನ್ನು ಸ್ಟೇಷನಿಗೆ ತಕ್ಕೊಂಡು ಹೋದ್ರು. ಈಗ ಯಾರದ್ದು ಯಾವುದು ಅಂತ ಗುರ್ತ ಹಿಡಿಸ್ಲಿಕ್ಕೆ ನೀವು ಮಕ್ಕಳನ್ನು ಕರ್ಕೊಂಡು ಹೋಗುದಂತೆ."

"ಯಾರು ಹೇಳಿದ್ದು ಹಾಗೆ?"

"ನಿಮ್ಮ ಮಕ್ಕಳೇ! ಮನೆಮನೆಯಲ್ಲಿ ಕೈ ಮುಗಿದು ಹೇಳಿದ್ದಾರಲ್ಲ, ಪೊಲೀಸ್ ಠಾಣೆಗೆ ಕೋರಿ ಬಂದಿದೆ ಅಂತ!"

ನಾನು ಅಲ್ಲೇ ಕಂಬ ಹಿಡಿದುಕೊಂಡೆ. ತುಳುವಿನಲ್ಲಿ ಕೋರಿ ಎಂದರೆ ಕೋಳಿ. ಆರು ವರ್ಷದ ಬಾಯಿ ಶಾಲೆಯಿಂದ ಮನೆಗೆ ನಡೆಯುವಷ್ಟರಲ್ಲಿ ತಮ್ಮ, ಅನುಮತಿ, ಹೋಗಲು ಎಲ್ಲವನ್ನೂ ದಾರಿಯಲ್ಲಿ ಚೆಲ್ಲಿ, ತನಗೆ ಅರ್ಥವಾದ ಎರಡೇ ಸಾಮಾನನ್ನು ಜೋಪಾನವಾಗಿ ಮನೆಗೆ ಮುಟ್ಟಿಸಿತ್ತು. ಪೊಲೀಸ್ ಸ್ಟೇಷನ್, ಮತ್ತು ಕೋಳಿ. ಹೇಳಿದ್ದಾದರೂ ಸುಳ್ಳೇ? ಠಾಣೆಗೆ ಕೋರಿ ಬಂದದ್ದು ನಿಜವೇ ಆಗಿತ್ತು! ಅಂಕಕ್ಕೆ, ಅಂದರೆ ಕೋಳಿ ಕಾಳಗಕ್ಕೆ, ಹೋದ ಮನೆಯವರು ಮಕ್ಕಳಿಗೆ ಜ್ವರ ಬರಿಸಿದ್ದರು, ಹೋಗದ ಮನೆಯವರು ಮೊಸರನ್ನ ಕಟ್ಟುತ್ತಿದ್ದರು.

ಸಂಜೀವಣ್ಣನಿಗೆ ಅನುಮತಿಯನ್ನೂ ಕೋರಿಯನ್ನೂ ಬಿಡಿಸಿ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಅತ್ತಿತ್ತ ನೋಡಿ ಸ್ವರ ಇಳಿಸಿದರು.

"ಬೊಳ್ಳೆಯೂ ಅಲ್ಲಿ ಉಂಟು ಟೀಚರ್."

"ನರಿ ಕೊಂಡೋದ ಬೊಳ್ಳೆಯಾ?"

"ನರಿಯೂ ಇಲ್ಲ, ಎಂತದ್ದೂ ಇಲ್ಲ. ನಾನೇ ಕೊಂಡೋದದ್ದು. ಒಂದೇ ಸಲ, ನೋಡುವ ಅಂತ ಆಸೆ ಆಯ್ತು. ಪೊಲೀಸರು ಬಂದಾಗ ಅದನ್ನು ಅಲ್ಲೇ ಬಿಟ್ಟು ಓಡಿದೆ. ಮನೆಗೆ ಬಂದು ನೋಡಿದ್ರೆ ಕಾಲಲ್ಲಿ ಒಂದೇ ಚಪ್ಪಲಿ. ಅವಳು ಗೇಟಿನಲ್ಲಿ ನಿಂತು ಬೊಳ್ಳೆ ಎಲ್ಲಿ ಅಜ್ಜ ಅಂತ ಕೇಳಿದ್ಳು. ಬಾಯಿಗೆ ಬಂದದ್ದು ನರಿ. ಕೇಸು ಗೀಸು ಆದ್ರೆ ಆಗ್ಲಿ, ಫೈನ್ ಕಟ್ಟುವ. ಆದ್ರೆ ಸುಳ್ಳು ಹೇಳ್ಬಾರ್ದು ಅಂತ ದಿನಾ ಅವಳಿಗೆ ಹೇಳುದು ನಾನು. ಅವಳ ಮುಂದೆ ನಾನು ಮುಖ ಎತ್ತುದು ಹೇಗೆ?"

"ಹಾಗಾದ್ರೆ ಅವಳಿಗೂ ಜ್ವರ ಬರಿಸಿ" ಎಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು.

"ಅವಳಾ? ನರಿಯ ಮೇಲೆ ಕಂಪ್ಲೇಂಟ್ ಕೊಡ್ಲಿಕ್ಕುಂಟು ಅಂತ ಬೆಳಿಗ್ಗೆಯಿಂದ ಬೂಟ್ಸು ಹಾಕಿ ಕೂತಿದ್ದಾಳೆ. ನಾಳೆ ಬಿಟ್ಟು ಹೋದ್ರೆ ನಡ್ಕೊಂಡಾದ್ರೂ ಹೋದಾಳು."

ಪ್ರವಾಸ ಮುಂದೆ ಹಾಕೋಣವೆಂದರೆ ಎಸ್ಸೈಗೆ ಬೇರೆ ದಿನ ಬಿಡುವಿಲ್ಲ. ಕೋಳಿಗಳನ್ನು ಸ್ವಲ್ಪ ಮರೆಯಲ್ಲಿಡಿ ಎಂದು ಸ್ಟೇಷನಿಗೆ ಫೋನು ಮಾಡೋಣವೆಂದರೆ, ಯಾಕೆ ಎಂದು ಕೇಳುವುದಕ್ಕೇ ಅವರಿಗೆ ಸರಕಾರ ಸಂಬಳ ಕೊಡುವುದು. ಹೆಡ್ ಮಾಸ್ಟ್ರು ಎಲ್ಲವನ್ನೂ ಕೇಳಿ ತಲೆಗೆ ಕೈ ಕೊಟ್ಟು ಕೂತರು. "ಒಂದು ಒಪ್ಪಿಗೆ ಅಂತ ಹೇಳಿದ್ರೆ ಸಾಕಿತ್ತು ಮಾರಾಯ್ರೆ. ನಿಮ್ಮ ಎಂ.ಎ.ಯಿಂದ ಊರಿಗೆ ಊರೇ ಜ್ವರದಲ್ಲಿ ಮಲಗಿತು" ಎಂದರು. ಸಂಜೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ನಾನು ತುಳುವಿನಲ್ಲಿ ಮಾತಾಡಿ ಕಳಿಸಿದೆ. ಕೋಳಿಗೂ ಪ್ರವಾಸಕ್ಕೂ ಸಂಬಂಧವಿಲ್ಲ, ಕೋಳಿ ಊಟವೂ ಇಲ್ಲ, ಸಾಕ್ಷಿಯೂ ಇಲ್ಲ, ಯಾರನ್ನೂ ಯಾರೂ ಏನೂ ಕೇಳುವುದಿಲ್ಲ. ಜ್ವರಗಳು ಒಂದೊಂದಾಗಿ ಇಳಿದವು. ಒಂದಿಬ್ಬರು ಊಟ ಯಾಕೆ ರದ್ದಾಯಿತು ಎಂದು ಬೇಸರ ಮಾಡಿಕೊಂಡರು.

ಬುಧವಾರ ಜೀಪು ಹೊರಡುವಾಗ ಸಂಜೀವಣ್ಣ ಇಸ್ತ್ರಿ ಹಾಕಿದ ಬಿಳಿ ಪಂಚೆ, ಅಗಲವಾದ ಶಾಲು ಹೊದ್ದು ಬಂದು ಮುಂದಿನ ಸೀಟಿನಲ್ಲಿ ಕೂತರು. "ಮಕ್ಕಳನ್ನು ನೋಡ್ಲಿಕ್ಕೆ ಜನ ಬೇಕಲ್ಲ ಟೀಚರ್" ಎಂದು ಗಟ್ಟಿಯಾಗಿ ಹೇಳಿ, ಮೆಲ್ಲಗೆ, "ಕೋಳಿ ಇರುವ ಬದಿಗೆ ನಾನು ಅಡ್ಡ ನಿಲ್ತೇನೆ. ಶಾಲು ಹೊದ್ದದ್ದು ಅದಕ್ಕೇ" ಎಂದರು. ಆದಿತ್ಯವಾರ ಪೊಲೀಸರನ್ನು ಕಂಡು ಚಪ್ಪಲಿ ಬಿಟ್ಟು ಓಡಿದ ಮನುಷ್ಯ ಬುಧವಾರ ಮಕ್ಕಳ ಮೆರವಣಿಗೆ ಕಟ್ಟಿಕೊಂಡು ತಾನಾಗಿಯೇ ಠಾಣೆಯ ಮೆಟ್ಟಿಲು ಹತ್ತಿದರು. ಅವರ ಹಿಂದೆ ಮಕ್ಕಳ ತಲೆ ಎಣಿಸುತ್ತಾ ನಾನೂ ಹತ್ತಿದೆ.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಮಹಿಳಾ ಕಾನ್‌ಸ್ಟೇಬಲ್ ಒಬ್ಬರು ವಯರ್‌ಲೆಸ್ಸು ತೋರಿಸಿದರು, ಬೇಡಿ ತೋರಿಸಿದರು. ಮಕ್ಕಳೆಲ್ಲ ಬಳೆ ತೊಡಿಸಿಕೊಳ್ಳುವವರ ಹಾಗೆ ಕೈ ಚಾಚಿದರು. ಲಾಕಪ್ಪಿನೊಳಗೆ ನುಗ್ಗಿದವರನ್ನು ಹೊರಗೆ ಕರೆಯಬೇಕಾದರೆ ಸಾಕುಸಾಕಾಯಿತು. "ಇಷ್ಟು ಖುಷಿಯಲ್ಲಿ ಯಾರೂ ಒಳಗೆ ಕೂತದ್ದು ನಾನು ನೋಡ್ಲಿಲ್ಲ" ಎಂದು ಎಸ್ಸೈ ನಕ್ಕರು. ಅನ್ವಿ ಮಾತ್ರ ಲಾಕಪ್ಪಿನ ಮೂಲೆಮೂಲೆ, ಬೆಂಚಿನ ಅಡಿ ಎಲ್ಲ ಬಗ್ಗಿ ನೋಡುತ್ತಿದ್ದಳು. ಸಂಜೀವಣ್ಣ ಹಿತ್ತಿಲ ಬಾಗಿಲಿಗೆ ಶಾಲು ಹರಡಿ ನಿಂತು ಎಸ್ಸೈ ಅವರಲ್ಲಿ ಸೆಕೆಯ ಬಗ್ಗೆ, ರಸ್ತೆಯ ಹೊಂಡದ ಬಗ್ಗೆ, ಅವರ ಊರಿನ ಬಗ್ಗೆ ಬಿಡದೆ ವಿಚಾರಿಸುತ್ತಿದ್ದರು.

ಆ ಸ್ವರ ಕೇಳಿತಲ್ಲ, ಹಿತ್ತಿಲಲ್ಲಿ ಒಂದು ಹುಂಜ ಕೂಗಿತು. ಎಂಥ ಕೂಗು ಅಂತೀರಿ! ಶಾಲು ಕಣ್ಣಿಗೆ ಅಡ್ಡ ಬಂದೀತು, ಸ್ವರಕ್ಕೆ ಅಡ್ಡ ಬಂದೀತೇ? "ಕೋರಿ! ಕೋರಿ!" ಎಂದು ಮಕ್ಕಳೆಲ್ಲ ಸಂಜೀವಣ್ಣನ ಕಂಕುಳಡಿಯಿಂದ ನುಸುಳಿ ಹೊರಗೆ ಓಡಿದರು. ಹಿಡಿದು ತಂದ ಹಳೇ ಬೈಕುಗಳ ಸಾಲಿನಾಚೆ, ಹಲಸಿನ ಮರದ ಬುಡದಲ್ಲಿ, ಒಂದಕ್ಕೊಂದು ಎಟುಕದ ಹಾಗೆ ಕಾಲಿಗೆ ಹಗ್ಗ ಕಟ್ಟಿದ ಹುಂಜಗಳು. ಬಿಳಿಯದು ಸಂಜೀವಣ್ಣನನ್ನು ಕಂಡು ರೆಕ್ಕೆ ಬಡಿದು ಹಗ್ಗ ಜಗ್ಗತೊಡಗಿತು. ಗುರುತು ಹಿಡಿದುಬಿಡುತ್ತಾಳೆ ಎಂದು ನಾವು ಹೆದರಿದ್ದು ಹುಡುಗಿಗೆ. ಗುರುತು ಹಿಡಿದದ್ದು ಕೋಳಿ.

"ಇದು ಬಂದಾಗಿನಿಂದ ಯಾರಿಗೂ ಸ್ವರ ತೆಗೆಯದ ಕೋಳಿ" ಎಂದು ಕಾನ್‌ಸ್ಟೇಬಲ್ ಸಂಜೀವಣ್ಣನ ಮುಖವನ್ನೇ ನೋಡಿದರು.

"ಬೊಳ್ಳೆ!" ಎಂದು ಅನ್ವಿ ಓಡಿಹೋಗಿ ಅದನ್ನು ತಬ್ಬಿಕೊಂಡಳು. ಆಮೇಲೆ ಎಸ್ಸೈ ಕಡೆ ತಿರುಗಿ, "ಸಾರ್, ನರಿ ಎಲ್ಲಿ ಉಂಟು?" ಎಂದಳು.

"ಯಾವ ನರಿ ಪುಟ್ಟಾ?"

"ಬೊಳ್ಳೆಯನ್ನು ಕೊಂಡೋದ ನರಿ. ನೀವು ಬೊಳ್ಳೆಯನ್ನು ಬಿಡಿಸಿ ತಂದಿದ್ದೀರಿ ಅಲ್ವಾ? ನರಿಯನ್ನು ಎಲ್ಲಿ ಹಾಕಿದ್ದೀರಿ? ನಾನು ಒಳಗೆ ನೋಡಿದೆ, ಇರ್ಲಿಲ್ಲ."

ಎಸ್ಸೈ ನನ್ನ ಮುಖ ನೋಡಿದರು. ನಾನು ಹಲಸಿನ ಮರದ ಮಿಡಿಗಳನ್ನು ನೋಡಿದೆ. ಅವರು ಜಾಣರು, ತುಟಿ ಕಚ್ಚಿ ನಗು ತಡೆದುಕೊಂಡು, "ನರಿ ತಪ್ಪಿಸಿಕೊಂಡಿತು ಮಗಾ. ಹೇಗಿತ್ತು ಅಂತ ಯಾರಾದ್ರೂ ನೋಡಿದವರು ಇದ್ದಾರಾ?" ಎಂದರು.

"ಅಜ್ಜ ನೋಡಿದ್ದಾರೆ. ಅಜ್ಜ ಸುಳ್ಳು ಹೇಳುದಿಲ್ಲ ಸಾರ್. ಅಜ್ಜಾ, ಹೇಳಿ."

ಬಣ್ಣ ಕೆಂಪು, ಬಾಲ ಉದ್ದ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಎಸ್ಸೈ ಬಿಟ್ಟುಬಿಡುವ ಮನಸ್ಸಿನಲ್ಲಿದ್ದರು. ಹೇಳಿ ಮಾರಾಯ್ರೆ, ಬಾಲ ಉದ್ದ ಅಂತ ಒಂದು ಹೇಳಿಬಿಡಿ ಎಂದು ನಾನೇ ಮನಸ್ಸಿನಲ್ಲಿ ಬೇಡಿಕೊಂಡೆ. ಸಂಜೀವಣ್ಣ ಶಾಲು ತೆಗೆದು ಬೈಕಿನ ಮೇಲೆ ಹಾಕಿದರು. ಇಸ್ತ್ರಿಯ ಪಂಚೆಯಲ್ಲೇ ಮೊಮ್ಮಗಳ ಮುಂದೆ ಮಣ್ಣಿನಲ್ಲಿ ಕುಕ್ಕರಗಾಲಿನಲ್ಲಿ ಕೂತರು.

"ನರಿ ಬರ್ಲಿಲ್ಲ ಮಗಾ. ಕೊಂಡೋದದ್ದು ನಾನೇ. ಅಂಕಕ್ಕೆ ಬಿಡ್ಲಿಕ್ಕೆ ಕೊಂಡೋದದ್ದು. ಪೊಲೀಸರು ಬಂದಾಗ ಹೆದರಿ ಬಿಟ್ಟು ಓಡಿದೆ. ನಿಂಗೆ ಹೇಳ್ಲಿಕ್ಕೆ ನಾಚಿಕೆ ಆಯ್ತು, ಸುಳ್ಳು ಹೇಳಿದೆ."

ಅಷ್ಟು ಜನರ ಮುಂದೆ, ಅದೂ ಸ್ಟೇಷನಿನ ಹಿತ್ತಿಲಲ್ಲಿ, ಏಳು ವರ್ಷದ ಹುಡುಗಿಗೆ ತಪ್ಪೊಪ್ಪಿಕೊಂಡ ಆ ಮನುಷ್ಯನ ಮೇಲೆ ನನಗೆ ಬಹಳ ಪ್ರೀತಿ ಬಂತು. ಎಸ್ಸೈ ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು. "ಈಗ ನಾನು ಕೇಳ್ಲಿಲ್ಲ ಅಂತ ಹೇಳ್ಲಿಕ್ಕೂ ಆಗುದಿಲ್ಲ. ನಾಳೆ ಒಮ್ಮೆ ಬಂದು ಹೋಗಿ ಅಜ್ಜಾ" ಎಂದರು. ಆಮೇಲೆ ಅನ್ವಿಯ ತಲೆ ಸವರಿ, "ಬೊಳ್ಳೆಯನ್ನು ಈಗ ಬಿಡ್ಲಿಕ್ಕಾಗುದಿಲ್ಲ ಪುಟ್ಟಾ. ಕೋರ್ಟಿಂದ ಅಪ್ಪಣೆ ಬರ್ಬೇಕು, ಏಲಂ, ಅಂದ್ರೆ ಹರಾಜು ಆಗ್ಬೇಕು. ಏಲಂಗೆ ಅಜ್ಜನೇ ಬಂದು ಕೂಗ್ಲಿ. ಈಗ ಅಜ್ಜನ ಜೊತೆ ಮನೆಗೆ ಹೋಗು" ಎಂದರು.

ಅನ್ವಿ ಅಳಲಿಲ್ಲ. ಬೊಳ್ಳೆಯನ್ನು ನೋಡಿದಳು, ಮಣ್ಣಿನಲ್ಲಿ ಕೂತ ಅಜ್ಜನನ್ನು ನೋಡಿದಳು.

"ತಪ್ಪು ಮಾಡಿದವರನ್ನಲ್ವಾ ಸಾರ್ ಇಲ್ಲಿ ಇಟ್ಟುಕೊಳ್ಳುದು?"

"ಹೌದು."

"ಬೊಳ್ಳೆ ಎಂತ ತಪ್ಪು ಮಾಡಿದ್ದು?"

ಎಸ್ಸೈ ಟೊಪ್ಪಿಯನ್ನು ಮತ್ತೆ ತಲೆಗೆ ಹಾಕಿಕೊಂಡರು. ಅನ್ವಿ ಅಜ್ಜನ ಪಂಚೆಯ ಮಣ್ಣನ್ನು ಕೈಯಿಂದ ತಟ್ಟಿ, ಅವರ ಬೆರಳು ಹಿಡಿದು ಎಬ್ಬಿಸಿ, ಆ ಕೈಯನ್ನು ಎಸ್ಸೈ ಕೈಯಲ್ಲಿ ಇಟ್ಟಳು.

"ಅಜ್ಜ ಇಲ್ಲಿ ಇರ್ಲಿ ಸಾರ್, ಬೊಳ್ಳೆಯನ್ನು ನಾನು ಕೊಂಡೋಗ್ತೇನೆ. ರಾತ್ರಿ ಗಂಜಿಗೆ ಉಪ್ಪಿನಕಾಯಿ ಕೊಡಿ, ಇಲ್ಲದಿದ್ರೆ ಅಜ್ಜ ಉಣ್ಣುದಿಲ್ಲ."